ನಕ್ಷತ್ರಗಳ ಲೆಕ್ಕ ಬರೆದ ಚಂದ್ರಶೇಖರ್



ಜನವರಿ ತಿಂಗಳ ಕೊನೆಯಲ್ಲಿ ರಾತ್ರಿ ಎಂಟು ಗಂಟೆಯ ಹೊತ್ತಿಗೆ ಮನೆಯ ಅಂಗಳಕ್ಕೆ ಬಂದು ಆಗ್ನೇಯ ದಿಕ್ಕಿನ ಆಕಾಶವನ್ನು ನೋಡಿ. ಊರ್ಡಿಗೆರೆ, ಗುಬ್ಬಿ, ಕುಣಿಗಲ್ ಸುತ್ತಿನ ಹಳ್ಳಿಗಳಲ್ಲಿ ಬೀದಿದೀಪ ಕಡಿಮೆ ಇರುವ ಕಡೆ ನಿಂತರೆ ಇನ್ನೂ ಒಳ್ಳೆಯದು. ಅಲ್ಲಿ ಬೆಳ್ಳಗೆ ಮಿನುಗುವ ಒಂದು ನಕ್ಷತ್ರ ಕಾಣುತ್ತದೆ. ಅದರ ಹೆಸರು ಲುಬ್ಧಕ. ರಾತ್ರಿ ಕಾಣುವ ನಕ್ಷತ್ರಗಳಲ್ಲೆಲ್ಲ ಅತಿ ಪ್ರಕಾಶಮಾನವಾದುದು ಅದೇ.

ಲುಬ್ಧಕ ಒಂಟಿಯಲ್ಲ. ಅದಕ್ಕೊಂದು ಪುಟ್ಟ ಜೊತೆಗಾರ ನಕ್ಷತ್ರವಿದೆ. ಅದು ಬರಿಗಣ್ಣಿಗೆ ಕಾಣುವುದಿಲ್ಲ. 1862ರಲ್ಲಿ ಅದನ್ನು ದೂರದರ್ಶಕದ ಮೂಲಕ ಮೊದಲ ಬಾರಿಗೆ ಕಂಡರು. ಅದರ ಗಾತ್ರ ಹೆಚ್ಚುಕಡಿಮೆ ನಮ್ಮ ಭೂಮಿಯಷ್ಟು. ಆದರೆ ಅದರಲ್ಲಿರುವ ದ್ರವ್ಯ ಹೆಚ್ಚುಕಡಿಮೆ ಸೂರ್ಯನಷ್ಟು! ಇಂಥ ನಕ್ಷತ್ರವನ್ನು ಶ್ವೇತ ಕುಬ್ಜ ಎನ್ನುತ್ತಾರೆ. ಶ್ವೇತ ಎಂದರೆ ಬಿಳಿ, ಕುಬ್ಜ ಎಂದರೆ ಕುಳ್ಳ.

ಉರಿಯುವ ಇಂಧನ ಮುಗಿದ ಮೇಲೆ ಸೂರ್ಯನಂಥ ನಕ್ಷತ್ರಗಳು ಕೊನೆಗೆ ಶ್ವೇತ ಕುಬ್ಜಗಳಾಗುತ್ತವೆ. ಹಾಗಾದರೆ ಎಲ್ಲ ನಕ್ಷತ್ರಗಳ ಕೊನೆಯೂ ಇದೇ ಏನು? ಬಹಳ ಭಾರವಾದ ನಕ್ಷತ್ರದ ಗತಿ ಏನು? ಈ ಪ್ರಶ್ನೆಯ ಬೆನ್ನುಹತ್ತಿದವನು 19 ವರ್ಷದ ಒಬ್ಬ ಭಾರತೀಯ ಹುಡುಗ. ಅವನೇ ಮುಂದೆ ಜಗತ್ತಿಗೆಲ್ಲ ಹೆಸರಾದ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್.

ಬಾಲ್ಯ ಮತ್ತು ಓದು

ಚಂದ್ರಶೇಖರ್ ಹುಟ್ಟಿದ್ದು 1910ರ ಅಕ್ಟೋಬರ್ 19ರಂದು, ಲಾಹೋರಿನಲ್ಲಿ. ಆಗ ಲಾಹೋರ್ ಭಾರತದಲ್ಲಿಯೇ ಇತ್ತು. ಈಗ ಅದು ಪಾಕಿಸ್ತಾನದಲ್ಲಿದೆ. ತಂದೆ ಸಿ. ಎಸ್. ಅಯ್ಯರ್ ರೈಲ್ವೆಯ ಲೆಕ್ಕಪತ್ರ ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು. ತಾಯಿ ಸೀತಾಲಕ್ಷ್ಮಿ. ಹತ್ತು ಮಕ್ಕಳ ಸಂಸಾರ. ಇಬ್ಬರು ಹೆಣ್ಣುಮಕ್ಕಳ ನಂತರ ಹುಟ್ಟಿದ ಚಂದ್ರಶೇಖರ್ ಮನೆಯ ಹಿರಿಯ ಮಗ. ತಾಯಿಗೆ ಶಾಲೆಯ ಓದು ಹೆಚ್ಚು ಸಿಕ್ಕಿರಲಿಲ್ಲ. ಆದರೂ ಅವರು ಸ್ವಂತ ಶ್ರಮದಿಂದ ಇಂಗ್ಲಿಷ್ ಕಲಿತು, ನಾರ್ವೆ ದೇಶದ ನಾಟಕಕಾರ ಇಬ್ಸನ್ನನ ಒಂದು ನಾಟಕವನ್ನು ತಮಿಳಿಗೆ ಅನುವಾದಿಸಿದ್ದರು.

ಹನ್ನೆರಡು ವರ್ಷದವರೆಗೆ ಚಂದ್ರಶೇಖರ್ ಓದಿದ್ದು ಮನೆಯಲ್ಲಿಯೇ. ಆಮೇಲೆ ಮದರಾಸಿನ ಹಿಂದೂ ಹೈಸ್ಕೂಲ್, ಅನಂತರ ಪ್ರೆಸಿಡೆನ್ಸಿ ಕಾಲೇಜು. ನಿಮಗೆಲ್ಲ ಗೊತ್ತಿರುವ ಸರ್ ಸಿ. ವಿ. ರಾಮನ್ ಅವರ ಚಿಕ್ಕಪ್ಪ. ರಾಮನ್ ಅವರು ಮುಂದೆ 1933ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. 1948ರಲ್ಲಿ ಬೆಂಗಳೂರಿನಲ್ಲಿಯೇ ತಮ್ಮ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆಯ ಹೆಸರು ಈ ಲೇಖನದ ಕೊನೆಯಲ್ಲಿ ಮತ್ತೆ ಬರುತ್ತದೆ.

1928ರಲ್ಲಿ ಜರ್ಮನಿಯ ವಿಜ್ಞಾನಿ ಸೋಮರ್‌ಫೆಲ್ಡ್ ಮದರಾಸಿಗೆ ಬಂದರು. ಕಾಲೇಜು ವಿದ್ಯಾರ್ಥಿಯಾಗಿದ್ದ ಚಂದ್ರಶೇಖರ್ ಧೈರ್ಯಮಾಡಿ ಅವರನ್ನು ಭೇಟಿಯಾದರು. ಪುಸ್ತಕದಲ್ಲಿ ಓದಿದ ಭೌತವಿಜ್ಞಾನ ಆಗಲೇ ಹಳೆಯದಾಗಿದೆ, ಪರಮಾಣುವಿನ ಬಗ್ಗೆ ಹೊಸ ವಿಜ್ಞಾನ ಹುಟ್ಟಿದೆ ಎಂದು ಸೋಮರ್‌ಫೆಲ್ಡ್ ತಿಳಿಸಿದರು. ಇನ್ನೊಬ್ಬರಾಗಿದ್ದರೆ ಎದೆಗುಂದುತ್ತಿದ್ದರು. ಚಂದ್ರಶೇಖರ್ ಆ ಹೊಸ ವಿಜ್ಞಾನವನ್ನು ತಾವೇ ಓದಿ ಕಲಿತು, ಸಂಶೋಧನಾ ಲೇಖನವನ್ನೂ ಬರೆದರು. ಅದು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು.

ಹಡಗಿನಲ್ಲಿ ಹುಟ್ಟಿದ ಲೆಕ್ಕ

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಓದಲು ಅವರಿಗೆ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. ಆಗ ತಾಯಿಯ ಆರೋಗ್ಯ ತೀರ ಹದಗೆಟ್ಟಿತ್ತು. ಹೋಗುವುದೋ ಬೇಡವೋ ಎಂದು ಮಗ ತೊಳಲಾಡಿದರು. ತಾಯಿ ಮಾತ್ರ ಹೋಗಲೇಬೇಕೆಂದು ಒತ್ತಾಯಮಾಡಿ ಕಳಿಸಿಕೊಟ್ಟರು. ಮುಂದಿನ ವರ್ಷ, 1931ರಲ್ಲಿ, ಮಗ ದೂರದ ಕೇಂಬ್ರಿಜ್‌ನಲ್ಲಿರುವಾಗಲೇ ತಾಯಿ ತೀರಿಕೊಂಡರು.

1930ರ ಜುಲೈ 31ರಂದು ಚಂದ್ರಶೇಖರ್ ಮುಂಬಯಿಯಲ್ಲಿ ಹಡಗು ಹತ್ತಿದರು. ಆ ಕಾಲದಲ್ಲಿ ಯೂರೋಪಿಗೆ ಹಡಗಿನಲ್ಲಿ ಎರಡು ವಾರಕ್ಕೂ ಹೆಚ್ಚು ಕಾಲ ಹಿಡಿಯುತ್ತಿತ್ತು. ಹಡಗಿನಲ್ಲಿ ಕುಳಿತು ಅವರು ಶ್ವೇತ ಕುಬ್ಜಗಳ ಲೆಕ್ಕ ಮಾಡತೊಡಗಿದರು.

ಆ ಲೆಕ್ಕ ಯಾವುದು? ಹೀಗೆ ಯೋಚಿಸಿ. ತರಗತಿಯಲ್ಲಿ ನಾಲ್ವರು ಕೂರುವ ಬೆಂಚಿನ ಮೇಲೆ ಎಂಟು ಮಂದಿ ಕೂತರೆ ಏನಾಗುತ್ತದೆ? ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂರಲಾಗದು. ಎಲ್ಲರೂ ಪಕ್ಕದವರನ್ನು ತಳ್ಳುತ್ತಾರೆ. ಶ್ವೇತ ಕುಬ್ಜದ ಒಳಗೆ ಎಲೆಕ್ಟ್ರಾನ್ ಎಂಬ ಸಣ್ಣ ಕಣಗಳ ಪಾಡೂ ಹೀಗೆಯೇ. ನಕ್ಷತ್ರದ ಗುರುತ್ವ ಬಲ ಅವನ್ನು ಒಳಕ್ಕೆ ಅದುಮುತ್ತದೆ. ಅದುಮಿದಷ್ಟೂ ಅವು ಹೆಚ್ಚು ವೇಗವಾಗಿ ಓಡಾಡಿ ಹೊರಕ್ಕೆ ತಳ್ಳುತ್ತವೆ. ಎರಡೂ ಬಲಗಳು ಸಮನಾದಾಗ ನಕ್ಷತ್ರ ಕುಸಿಯದೆ ನಿಲ್ಲುತ್ತದೆ. ಇಷ್ಟನ್ನು 1926ರಲ್ಲಿಯೇ ಕೇಂಬ್ರಿಜ್‌ನ ಫೌಲರ್ ಎಂಬ ವಿಜ್ಞಾನಿ ತೋರಿಸಿದ್ದರು.

ಚಂದ್ರಶೇಖರ್ ಇನ್ನೊಂದು ಹೆಜ್ಜೆ ಮುಂದಿಟ್ಟರು. ನಕ್ಷತ್ರ ಭಾರವಾದಷ್ಟೂ ಎಲೆಕ್ಟ್ರಾನುಗಳ ವೇಗ ಹೆಚ್ಚಬೇಕು. ಆದರೆ ಬೆಳಕಿಗಿಂತ ವೇಗವಾಗಿ ಯಾವುದೂ ಓಡಲಾರದು ಎಂದು ಐನ್‌ಸ್ಟೈನ್ ತಿಳಿಸಿದ್ದರಲ್ಲವೇ? ಅಂದಮೇಲೆ ಎಲೆಕ್ಟ್ರಾನುಗಳ ತಳ್ಳುವ ಶಕ್ತಿ ಎಲ್ಲೋ ಒಂದು ಕಡೆ ಸಾಲದೆ ಬರಬೇಕು. ಆಗ ಗುರುತ್ವವೇ ಗೆಲ್ಲಬೇಕು. ಲೆಕ್ಕ ಮಾಡಿದಾಗ ಹಾಗೆಯೇ ಬಂತು. ಮುಂದೆ ಅದನ್ನು ತಿದ್ದಿ ಪೂರ್ಣಗೊಳಿಸಿದಾಗ ಸಿಕ್ಕ ಸಂಖ್ಯೆ ಸುಮಾರು 1.4. ಅಂದರೆ ಶ್ವೇತ ಕುಬ್ಜದಲ್ಲಿ ಸೂರ್ಯನ ಸುಮಾರು 1.4 ಪಟ್ಟಿಗಿಂತ ಹೆಚ್ಚು ದ್ರವ್ಯ ಇರಲಾರದು. ಇದ್ದರೆ ಅದು ನಿಲ್ಲದೆ ಕುಸಿಯುತ್ತದೆ. ಇದಕ್ಕೆ ಈಗ ಚಂದ್ರಶೇಖರ್ ಮಿತಿ ಎಂದು ಹೆಸರು.

ಲಂಡನ್ನಿನ ಸಭೆ

1935ರ ಜನವರಿ 11. ಲಂಡನ್ನಿನಲ್ಲಿ ಖಗೋಳ ವಿಜ್ಞಾನಿಗಳ ಸಭೆ. 24 ವರ್ಷದ ಚಂದ್ರಶೇಖರ್ ತಮ್ಮ ಲೆಕ್ಕವನ್ನು ಸಭೆಯ ಮುಂದೆ ವಿವರಿಸಿದರು. ಅವರ ನಂತರ ಎದ್ದು ನಿಂತವರು ಸರ್ ಆರ್ಥರ್ ಎಡಿಂಗ್ಟನ್. ಅವರು ಆ ಕಾಲದ ಬಹು ದೊಡ್ಡ ಖಗೋಳ ವಿಜ್ಞಾನಿ. 1919ರ ಸೂರ್ಯಗ್ರಹಣದ ವೇಳೆ ಆಫ್ರಿಕಾದ ಬಳಿಯ ಪ್ರಿನ್ಸಿಪೆ ದ್ವೀಪಕ್ಕೆ ಹೋಗಿ, ಸೂರ್ಯನ ಪಕ್ಕ ಹಾದು ಬರುವ ನಕ್ಷತ್ರದ ಬೆಳಕು ಬಾಗುತ್ತದೆಯೇ ಎಂದು ಅಳೆದವರು. ಗುರುತ್ವ ಬೆಳಕನ್ನೂ ಬಾಗಿಸುತ್ತದೆ ಎಂಬ ಐನ್‌ಸ್ಟೈನರ ಮಾತಿಗೆ ಆ ಗ್ರಹಣದಲ್ಲಿ ಆಧಾರ ಸಿಕ್ಕಿತ್ತು.

ಅಂಥ ಎಡಿಂಗ್ಟನ್ ಈ ಯುವಕನ ಲೆಕ್ಕವನ್ನು ಒಪ್ಪಲಿಲ್ಲ. ನಕ್ಷತ್ರವೊಂದು ಕುಸಿಯುತ್ತಲೇ ಹೋಗುವುದು ಅಸಂಬದ್ಧ, ಅದನ್ನು ತಡೆಯುವ ನಿಯಮವೊಂದು ಪ್ರಕೃತಿಯಲ್ಲಿ ಇರಲೇಬೇಕು ಎಂದು ವಾದಿಸಿದರು. ಸಭೆಯಲ್ಲಿ ಜನ ನಕ್ಕರು. ಚಂದ್ರಶೇಖರ್ ಅವರಿಗೆ ಉತ್ತರ ಕೊಡಲು ಅವಕಾಶವೂ ಸಿಗಲಿಲ್ಲ. ಕೆಲವು ದೊಡ್ಡ ವಿಜ್ಞಾನಿಗಳು ಖಾಸಗಿಯಾಗಿ ಚಂದ್ರಶೇಖರ್ ಹೇಳಿದ್ದೇ ಸರಿ ಎಂದರು. ಆದರೆ ಎಡಿಂಗ್ಟನ್ ಎದುರು ಬಹಿರಂಗವಾಗಿ ಹೇಳಲು ಯಾರೂ ಮುಂದೆ ಬರಲಿಲ್ಲ.

ಯೋಚಿಸಿ ನೋಡಿ ಮಕ್ಕಳೇ. ಪರದೇಶ, ಚಿಕ್ಕ ವಯಸ್ಸು, ಎದುರಿಗೆ ಅಷ್ಟು ದೊಡ್ಡ ಹೆಸರಿನವರು. ಲೆಕ್ಕ ಸರಿಯಿದೆ ಎಂದು ಗೊತ್ತಿದ್ದರೂ ಕೇಳುವವರಿಲ್ಲ. ಚಂದ್ರಶೇಖರ್ ಜಗಳಕ್ಕೆ ಇಳಿಯಲಿಲ್ಲ, ಲೆಕ್ಕವನ್ನೂ ಕೈಬಿಡಲಿಲ್ಲ. ತಾವು ಕಂಡುಕೊಂಡದ್ದನ್ನೆಲ್ಲ ಸೇರಿಸಿ ನಕ್ಷತ್ರಗಳ ರಚನೆಯ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದರು. ಅದು 1939ರಲ್ಲಿ ಪ್ರಕಟವಾಯಿತು. ಆಮೇಲೆ ಬೇರೆ ವಿಷಯಕ್ಕೆ ಹೊರಳಿದರು. ಎಡಿಂಗ್ಟನ್ ಜೊತೆಗಿನ ಸ್ನೇಹವನ್ನೂ ಉಳಿಸಿಕೊಂಡರು. 1944ರಲ್ಲಿ ಎಡಿಂಗ್ಟನ್ ತೀರಿಕೊಂಡಾಗ ಅವರ ಕೆಲಸವನ್ನು ಮನಸಾರೆ ಹೊಗಳಿ ಮಾತನಾಡಿದರು.

ಅಮೆರಿಕದಲ್ಲಿ

1936ರಲ್ಲಿ ಚಂದ್ರಶೇಖರ್ ಭಾರತಕ್ಕೆ ಬಂದು, ಕಾಲೇಜಿನಲ್ಲಿ ಜೊತೆಗೆ ಓದಿದ್ದ ಲಲಿತಾ ಅವರನ್ನು ಮದುವೆಯಾದರು. ಮರುವರ್ಷ ಇಬ್ಬರೂ ಅಮೆರಿಕಕ್ಕೆ ಹೋದರು. ಷಿಕಾಗೋ ವಿಶ್ವವಿದ್ಯಾನಿಲಯಕ್ಕೆ ಸೇರಿದ ಯರ್ಕ್ಸ್ ವೀಕ್ಷಣಾಲಯದಲ್ಲಿ ಚಂದ್ರಶೇಖರ್ ಕೆಲಸಕ್ಕೆ ಸೇರಿದರು. ಮುಂದೆ ಬದುಕಿನುದ್ದಕ್ಕೂ ಅವರು ಅದೇ ವಿಶ್ವವಿದ್ಯಾನಿಲಯದಲ್ಲಿದ್ದರು.

ಅಲ್ಲಿಯೂ ಎಲ್ಲವೂ ಸುಲಭವಾಗಿರಲಿಲ್ಲ. ಅವರ ಮೈಬಣ್ಣ ಬೇರೆ ಎಂಬ ಕಾರಣಕ್ಕೆ ಅವರು ಷಿಕಾಗೋದಲ್ಲಿ ಪಾಠ ಹೇಳುವುದು ಬೇಡ ಎಂದವರೂ ಇದ್ದರು. ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಹಚಿನ್ಸ್ ಅದಕ್ಕೆ ಒಪ್ಪಲಿಲ್ಲ. ಚಂದ್ರಶೇಖರ್ ಪಾಠ ಹೇಳಿದರು.

ಅವರ ಪಾಠದ ಬಗ್ಗೆ ಒಂದು ಸಂಗತಿಯನ್ನು ಇಂದಿಗೂ ಹೇಳುತ್ತಾರೆ. ಒಂದು ವರ್ಷ ಅವರ ತರಗತಿಯಲ್ಲಿ ಇದ್ದುದು ಇಬ್ಬರೇ ವಿದ್ಯಾರ್ಥಿಗಳು. ಯರ್ಕ್ಸ್‌ನಿಂದ ಷಿಕಾಗೋಗೆ 100 ಕಿಲೋಮೀಟರಿಗೂ ಹೆಚ್ಚು ದೂರ. ಇಬ್ಬರಿಗಾಗಿಯೂ ಅವರು ಕಾರು ನಡೆಸಿಕೊಂಡು ಹೋಗಿ ಪಾಠ ಹೇಳಿ ಬರುತ್ತಿದ್ದರು. ಆ ವಿದ್ಯಾರ್ಥಿಗಳ ಹೆಸರು ಲೀ ಮತ್ತು ಯಾಂಗ್. 1957ರಲ್ಲಿ ಅವರಿಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು. ಗುರುಗಳಿಗೆ ಬಂದದ್ದು ಅದಕ್ಕೂ 26 ವರ್ಷ ತಡವಾಗಿ!

ಜಾತ್ರೆಯಿಂದ ಹೊರಬರುವ ಬೆಳಕು

ಚಂದ್ರಶೇಖರ್ ಅವರಿಗೆ ಒಂದು ಅಭ್ಯಾಸವಿತ್ತು. ಒಂದು ವಿಷಯವನ್ನು ಹಿಡಿದರೆ ಹಲವು ವರ್ಷ ಅದನ್ನೇ ಓದುವುದು, ಲೆಕ್ಕ ಮಾಡುವುದು, ಕೊನೆಗೆ ಒಂದು ಪುಸ್ತಕ ಬರೆದು ಮುಗಿಸುವುದು, ಮತ್ತೆ ಹೊಸ ವಿಷಯಕ್ಕೆ ವಿದ್ಯಾರ್ಥಿಯಂತೆ ಹೊರಡುವುದು. 1940ರ ದಶಕದಲ್ಲಿ ಅವರು ಹಿಡಿದ ವಿಷಯ, ಬಿಸಿ ಅನಿಲದ ಒಳಗಿನಿಂದ ಬೆಳಕು ಹೇಗೆ ಹೊರಬರುತ್ತದೆ ಎಂಬುದು.

ಇದರಲ್ಲೇನು ವಿಶೇಷ ಎನ್ನುವಿರಾ? ದೇವರಾಯನದುರ್ಗದ ಜಾತ್ರೆಯ ಜನಜಂಗುಳಿಯನ್ನು ನೆನೆದುಕೊಳ್ಳಿ. ಗುಂಪಿನ ನಡುವೆ ಸಿಕ್ಕಿಕೊಂಡವರು ನೇರವಾಗಿ ಹೊರಬರಲಾಗದು. ಅತ್ತ ಒಬ್ಬರಿಗೆ ತಾಗಿ, ಇತ್ತ ಒಬ್ಬರಿಗೆ ತಾಗಿ, ದಿಕ್ಕು ಬದಲಿಸುತ್ತ ಬರಬೇಕು. ನಕ್ಷತ್ರದ ಮೇಲ್ಪದರದಲ್ಲಿ ಬೆಳಕಿನ ಪಾಡೂ ಇದೇ. ಅದು ಕಣಗಳಿಗೆ ತಾಗಿ ತಾಗಿ ದಿಕ್ಕು ಬದಲಿಸುತ್ತ ಹೊರಬರುತ್ತದೆ. ಓರೆಯಾಗಿ ಬರುವ ಬೆಳಕು ಅನಿಲದಲ್ಲಿ ಹೆಚ್ಚು ದೂರ ಹಾಯಬೇಕು. ಆದ್ದರಿಂದ ಆಳದಲ್ಲಿರುವ ಹೆಚ್ಚು ಬಿಸಿಯಾದ ಭಾಗದ ಬೆಳಕು ಓರೆಯಾಗಿ ಬರುವುದಕ್ಕಿಂತ ನೇರವಾಗಿ ಹೆಚ್ಚು ಬರುತ್ತದೆ. ಸೂರ್ಯನ ಚಿತ್ರಗಳಲ್ಲಿ ನಡುಭಾಗ ಹೆಚ್ಚು ಬೆಳಗಿ ಅಂಚು ಸ್ವಲ್ಪ ಮಂಕಾಗಿರುವುದಕ್ಕೆ ಇದೇ ಕಾರಣ. (ಎಚ್ಚರಿಕೆ: ಸೂರ್ಯನನ್ನು ಬರಿಗಣ್ಣಿನಿಂದ ಎಂದೂ ನೇರವಾಗಿ ನೋಡಬೇಡಿ.)

ಯಾವ ದಿಕ್ಕಿಗೆ ಎಷ್ಟು ಬೆಳಕು ಬರುತ್ತದೆ ಎಂಬುದನ್ನು ಚಂದ್ರಶೇಖರ್ ಗಣಿತದಿಂದ ನಿಖರವಾಗಿ ಹೇಳಿದರು. ಆ ಬೆಳಕಿನ ಅಲೆಗಳು ಯಾವ ದಿಕ್ಕಿನಲ್ಲಿ ಕಂಪಿಸುತ್ತವೆ ಎಂಬುದನ್ನೂ ಲೆಕ್ಕಹಾಕಿದರು. ಆಗ ಇಂದಿನಂಥ ಕಂಪ್ಯೂಟರುಗಳು ಇರಲಿಲ್ಲ. ಈ ಕೆಲಸವೆಲ್ಲ 1950ರಲ್ಲಿ ಪುಸ್ತಕವಾಯಿತು. ತಮಗೆ ಬಹಳ ತೃಪ್ತಿ ಕೊಟ್ಟ ಕೆಲಸ ಇದು ಎಂದು ಅವರು ಮುಂದೆ ನೆನೆಯುತ್ತಿದ್ದರು.

ಗಿರಗಿರನೆ ತಿರುಗುವ ನಕ್ಷತ್ರ

ಈಗ ಹಳೆಯ ಪ್ರಶ್ನೆಗೆ ಬರೋಣ. ಮಿತಿಯನ್ನು ಮೀರಿದ ನಕ್ಷತ್ರದ ಗತಿ ಏನು?

1932ರಲ್ಲಿ ಚಾಡ್ವಿಕ್ ಎಂಬ ವಿಜ್ಞಾನಿ ಪರಮಾಣುವಿನ ಒಳಗೆ ನ್ಯೂಟ್ರಾನ್ ಎಂಬ ಕಣವನ್ನು ಕಂಡುಹಿಡಿದರು. 1934ರಲ್ಲಿ ಬಾಡೆ ಮತ್ತು ಜ್ವಿಕಿ ಎಂಬ ಇಬ್ಬರು ವಿಜ್ಞಾನಿಗಳು ಒಂದು ಊಹೆ ಮಾಡಿದರು. ಭಾರವಾದ ನಕ್ಷತ್ರ ಸಿಡಿದಾಗ ಅದರ ತಿರುಳು ಕುಸಿದು, ಬಹುಪಾಲು ನ್ಯೂಟ್ರಾನುಗಳಿಂದಲೇ ಆದ ಒಂದು ಉಂಡೆ ಉಳಿಯಬಹುದು ಎಂಬುದೇ ಆ ಊಹೆ. ಇದೇ ನ್ಯೂಟ್ರಾನ್ ನಕ್ಷತ್ರ.

ಇದರ ಗಾತ್ರ ಕೇಳಿದರೆ ಆಶ್ಚರ್ಯಪಡುತ್ತೀರಿ. ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರ್. ಗುಬ್ಬಿ ದಾಟಿ ಇನ್ನೂ ಸ್ವಲ್ಪ ಮುಂದೆ ಹೋದರೆ 25 ಕಿಲೋಮೀಟರ್. ನ್ಯೂಟ್ರಾನ್ ನಕ್ಷತ್ರದ ಅಗಲ ಅಷ್ಟೇ! ಆದರೆ ಅದರಲ್ಲಿರುವ ದ್ರವ್ಯ ಸೂರ್ಯನಿಗಿಂತಲೂ ಹೆಚ್ಚು. ಅದರಿಂದ ಒಂದು ಘನ ಸೆಂಟಿಮೀಟರ್, ಅಂದರೆ ಒಂದು ಹುಣಿಸೆ ಬೀಜದಷ್ಟು, ತೆಗೆದು ಭೂಮಿಯ ಮೇಲೆ ತೂಗುವಂತಿದ್ದರೆ ಸುಮಾರು 30 ಕೋಟಿ ಟನ್ ತೂಗುತ್ತಿತ್ತು.

ಇಂಥದ್ದು ನಿಜವಾಗಿಯೂ ಇದೆಯೇ? 1967ರಲ್ಲಿ ಅದೇ ಕೇಂಬ್ರಿಜ್‌ನ ಜೋಸೆಲಿನ್ ಬೆಲ್ ಎಂಬ ಸಂಶೋಧನಾ ವಿದ್ಯಾರ್ಥಿನಿ, ಆಕಾಶದಿಂದ ಗಡಿಯಾರದಂತೆ ತಪ್ಪದೆ ಬರುವ ರೇಡಿಯೋ ಮಿಡಿತವನ್ನು ಗುರುತಿಸಿದರು. 1.3 ಸೆಕೆಂಡಿಗೆ ಒಂದು ಮಿಡಿತ. ಅದು ತಿರುಗುವ ನ್ಯೂಟ್ರಾನ್ ನಕ್ಷತ್ರವೆಂದು ಬೇಗನೆ ತಿಳಿಯಿತು. ಇವುಗಳಿಗೆ ಪಲ್ಸಾರ್ ಎಂದು ಹೆಸರಿಟ್ಟರು. 1054ರಲ್ಲಿ ವೃಷಭ ರಾಶಿಯಲ್ಲಿ ನಕ್ಷತ್ರವೊಂದು ಸಿಡಿದುದನ್ನು ಚೀನಾದ ಜನ ಕಂಡು ಬರೆದಿಟ್ಟಿದ್ದರು. ಆ ಜಾಗದಲ್ಲಿಯೂ ಈಗ ಒಂದು ಪಲ್ಸಾರ್ ಇದೆ. ಅದು ಸೆಕೆಂಡಿಗೆ ಸುಮಾರು 30 ಸುತ್ತು ತಿರುಗುತ್ತದೆ. ಕುಸಿಯುವ ನಕ್ಷತ್ರ ಅಸಂಬದ್ಧವಲ್ಲ, ಆಕಾಶದಲ್ಲಿ ಕಣ್ಣೆದುರೇ ಇದೆ ಎಂದು ಎಲ್ಲರೂ ಒಪ್ಪಬೇಕಾಯಿತು.

ಬಿಸಿ ಮಚ್ಚೆಯ ಲೆಕ್ಕ

ನ್ಯೂಟ್ರಾನ್ ನಕ್ಷತ್ರ ಒಂದು ಬಲವಾದ ಅಯಸ್ಕಾಂತವೂ ಹೌದು. ಅದರ ಕಾಂತಧ್ರುವಗಳ ಬಳಿ ವಿದ್ಯುದಂಶವುಳ್ಳ ಕಣಗಳು ರಭಸದಿಂದ ಬಂದು ಬಡಿಯುತ್ತವೆ. ಬಡಿದ ಜಾಗ 10 ಲಕ್ಷ ಡಿಗ್ರಿಗೂ ಹೆಚ್ಚು ಕಾಯುತ್ತದೆ. ಇದನ್ನು ಬಿಸಿ ಮಚ್ಚೆ ಎನ್ನೋಣ. ಅಷ್ಟು ಕಾದ ಮಚ್ಚೆ ಎಕ್ಸ್ ಕಿರಣಗಳನ್ನು ಸೂಸುತ್ತದೆ. ಆಸ್ಪತ್ರೆಯಲ್ಲಿ ಮೂಳೆಯ ಚಿತ್ರ ತೆಗೆಯಲು ಬಳಸುವುದೂ ಎಕ್ಸ್ ಕಿರಣಗಳನ್ನೇ.

ಬುಗುರಿಯ ಒಂದು ಬದಿಗೆ ಸುಣ್ಣದ ಬೊಟ್ಟಿಟ್ಟು ನಿಧಾನವಾಗಿ ತಿರುಗಿಸಿ. ಬೊಟ್ಟು ಎದುರು ಬಂದಾಗ ಚೆನ್ನಾಗಿ ಕಾಣುತ್ತದೆ, ಪಕ್ಕಕ್ಕೆ ಸರಿದಾಗ ಕಿರಿದಾಗುತ್ತದೆ, ಹಿಂದಕ್ಕೆ ಹೋದಾಗ ಮರೆಯಾಗುತ್ತದೆ. ನ್ಯೂಟ್ರಾನ್ ನಕ್ಷತ್ರದ ಬಿಸಿ ಮಚ್ಚೆಯೂ ಹೀಗೆ ತಿರುಗುವಾಗ ಅದರ ಬೆಳಕು ಏರುತ್ತದೆ, ಇಳಿಯುತ್ತದೆ. ನಕ್ಷತ್ರ ಬಹಳ ದೂರದಲ್ಲಿರುವುದರಿಂದ ಮಚ್ಚೆ ನಮಗೆ ಕಾಣದು. ಬೆಳಕಿನ ಏರಿಳಿತ ಮಾತ್ರ ಸಿಗುತ್ತದೆ. ಆ ಏರಿಳಿತದಿಂದಲೇ ಮಚ್ಚೆ ಎಲ್ಲಿದೆ, ಎಷ್ಟು ದೊಡ್ಡದು, ನಕ್ಷತ್ರದ ಗಾತ್ರವೆಷ್ಟು ಎಂದು ಹೇಳಬೇಕು.

ಆದರೆ ಬುಗುರಿಗೂ ನ್ಯೂಟ್ರಾನ್ ನಕ್ಷತ್ರಕ್ಕೂ ಮೂರು ವ್ಯತ್ಯಾಸಗಳಿವೆ.

ಮೊದಲನೆಯದು, ಬೆಳಕು ಬಾಗುವುದು. ಒಂದು ಚೆಂಡನ್ನು ದೂರದಿಂದ ನೋಡಿದರೆ ಅದರ ಅರ್ಧ ಭಾಗ ಮಾತ್ರ ಕಾಣುತ್ತದೆ. ನ್ಯೂಟ್ರಾನ್ ನಕ್ಷತ್ರದ ಗುರುತ್ವ ಎಷ್ಟು ಬಲವೆಂದರೆ, ಹಿಂಬದಿಯಿಂದ ಹೊರಟ ಬೆಳಕೂ ಬಾಗಿ ನಮ್ಮ ಕಡೆ ಬರುತ್ತದೆ. ಹೀಗಾಗಿ ಅದರ ಸುಮಾರು ಮುಕ್ಕಾಲು ಭಾಗ ಒಮ್ಮೆಲೇ ಕಾಣುತ್ತದೆ! ಮಚ್ಚೆ ಹಿಂದಕ್ಕೆ ಹೋದರೂ ಬೆಳಕು ಪೂರ್ತಿ ಆರದೆ ಉಳಿಯಬಹುದು. ಅದೇ ತೂಕ ಇನ್ನೂ ಸಣ್ಣ ಉಂಡೆಯಲ್ಲಿದ್ದರೆ ಬೆಳಕು ಇನ್ನೂ ಹೆಚ್ಚು ಬಾಗುತ್ತದೆ. ಆದ್ದರಿಂದ ಬೆಳಕು ಎಷ್ಟು ಇಳಿಯಿತು ಎಂಬುದನ್ನು ನೋಡಿ ನಕ್ಷತ್ರ ಎಷ್ಟು ಅಡಕವಾಗಿದೆ ಎಂದು ಹೇಳಬಹುದು.

ಎರಡನೆಯದು, ವೇಗ. ಮಚ್ಚೆ ನಮ್ಮ ಕಡೆಗೆ ಧಾವಿಸಿ ಬರುವಾಗ ಅದರ ಬೆಳಕು ಸ್ವಲ್ಪ ಹೆಚ್ಚುತ್ತದೆ, ದೂರ ಸರಿಯುವಾಗ ಸ್ವಲ್ಪ ತಗ್ಗುತ್ತದೆ.

ಮೂರನೆಯದು, ನಕ್ಷತ್ರದ ಮೇಲ್ಪದರ. ನ್ಯೂಟ್ರಾನ್ ನಕ್ಷತ್ರದ ಮೇಲೆ ಕೆಲವೇ ಸೆಂಟಿಮೀಟರ್ ದಪ್ಪದ ಅನಿಲದ ಪದರವಿದೆ. ಬಿಸಿ ಮಚ್ಚೆಯ ಬೆಳಕು ಅದನ್ನು ದಾಟಿ ಬರಬೇಕು. ನೇರವಾಗಿ ಎಷ್ಟು, ಓರೆಯಾಗಿ ಎಷ್ಟು? ಚಂದ್ರಶೇಖರ್ 1940ರ ದಶಕದಲ್ಲಿ ಕಲಿಸಿಕೊಟ್ಟ ಲೆಕ್ಕ ಇಲ್ಲಿ ಬೇಕೇ ಬೇಕು.

ಈ ಲೆಕ್ಕದಲ್ಲಿ ಯಾರು ಯಾರು ಸೇರಿದ್ದಾರೆ ನೋಡಿದಿರಾ? ಬೆಳಕು ಬಾಗುವುದನ್ನು ಗ್ರಹಣದ ವೇಳೆ ಅಳೆದವರು ಎಡಿಂಗ್ಟನ್. ಬಿಸಿ ಪದರದಿಂದ ಬೆಳಕು ಹೊರಬರುವುದನ್ನು ಲೆಕ್ಕಹಾಕಿದವರು ಚಂದ್ರಶೇಖರ್. 1935ರ ಸಭೆಯಲ್ಲಿ ಎದುರುಬದುರಾದ ಇಬ್ಬರ ಕೆಲಸವೂ, ಅಂದು ಅಸಂಬದ್ಧ ಎನಿಸಿದ್ದ ಕುಸಿದ ನಕ್ಷತ್ರವನ್ನು ಅಳೆಯಲು ಒಟ್ಟಿಗೆ ನೆರವಾಗಿದೆ.

ಬಿಸಿ ಮಚ್ಚೆಯ ಬೆಳಕು ಹೇಗೆ ಬಾಗಿ ಬರುತ್ತದೆ ಎಂಬ ಲೆಕ್ಕವನ್ನು 1983ರಲ್ಲಿ ಪೆಚೆನಿಕ್, ಫ್ಟಾಕ್ಲಾಸ್ ಮತ್ತು ಕೋಹೆನ್ ಎಂಬ ಮೂವರು ಪ್ರಕಟಿಸಿದರು. ಅದು ಅಚ್ಚಾದದ್ದು ಆಸ್ಟ್ರೋಫಿಸಿಕಲ್ ಜರ್ನಲ್ ಎಂಬ ಪತ್ರಿಕೆಯಲ್ಲಿ. 1952ರಿಂದ 1971ರವರೆಗೆ ಆ ಪತ್ರಿಕೆಯ ಸಂಪಾದಕರಾಗಿದ್ದವರು ಚಂದ್ರಶೇಖರ್ ಅವರೇ!

ಪಂಪನ ಕಾಲದ ಬೆಳಕು

2017ರಲ್ಲಿ ಅಮೆರಿಕದ ನಾಸಾ ಸಂಸ್ಥೆ ನೈಸರ್ ಎಂಬ ಎಕ್ಸ್ ಕಿರಣ ದೂರದರ್ಶಕವನ್ನು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿತು. ಎಕ್ಸ್ ಕಿರಣಗಳನ್ನು ಭೂಮಿಯ ವಾಯುಮಂಡಲ ತಡೆಯುವುದರಿಂದ ಇಂಥ ದೂರದರ್ಶಕ ಮೇಲೆಯೇ ಇರಬೇಕು. ಅದು ಸುಮಾರು 1,100 ಜ್ಯೋತಿರ್ವರ್ಷ ದೂರದ ಒಂದು ಪಲ್ಸಾರನ್ನು ನೋಡಿತು. ಅಂದರೆ ಆ ಬೆಳಕು ಅಲ್ಲಿಂದ ಹೊರಟಾಗ ನಮ್ಮ ನಾಡಿನಲ್ಲಿ ಆದಿಕವಿ ಪಂಪನ ಕಾಲ. ಆ ನಕ್ಷತ್ರ ಒಂದೇ ಸೆಕೆಂಡಿಗೆ 205 ಸುತ್ತು ತಿರುಗುತ್ತದೆ. ಅದರ ನಡುಪಟ್ಟಿಯ ಮೇಲಿನ ಜಾಗ ಸೆಕೆಂಡಿಗೆ 16,000 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಧಾವಿಸುತ್ತದೆ.

ವಿಜ್ಞಾನಿಗಳ ಎರಡು ತಂಡಗಳು ಕಂಪ್ಯೂಟರಿನ ಮುಂದೆ ಕುಳಿತವು. ನಕ್ಷತ್ರದ ತೂಕ ಇಷ್ಟು, ಗಾತ್ರ ಇಷ್ಟು, ಮಚ್ಚೆ ಇಲ್ಲಿದೆ, ಅದರ ಆಕಾರ ಹೀಗಿದೆ ಎಂದು ಒಂದು ಮಾದರಿಯನ್ನು ಊಹಿಸಿಕೊಂಡವು. ಹಾಗಿದ್ದರೆ ಬೆಳಕಿನ ಏರಿಳಿತ ಹೇಗಿರಬೇಕು ಎಂದು ಲೆಕ್ಕ ಮಾಡಿ, ನಿಜವಾದ ಏರಿಳಿತದೊಂದಿಗೆ ಹೋಲಿಸಿದವು. ಹೊಂದದಿದ್ದರೆ ಮಾದರಿಯನ್ನು ಬದಲಿಸಿ ಮತ್ತೆ ಲೆಕ್ಕ. ಹೀಗೆ ಅಸಂಖ್ಯ ಸಲ.

2019ರ ಡಿಸೆಂಬರ್‌ನಲ್ಲಿ ಫಲಿತಾಂಶ ಬಂತು. ಆ ನಕ್ಷತ್ರದ ದ್ರವ್ಯ ಸೂರ್ಯನ 1.3ರಿಂದ 1.4 ಪಟ್ಟು, ತ್ರಿಜ್ಯ ಸುಮಾರು 13 ಕಿಲೋಮೀಟರ್. ಮಚ್ಚೆಗಳ ವಿಷಯದಲ್ಲಿ ಎಲ್ಲರಿಗೂ ಅಚ್ಚರಿ ಕಾದಿತ್ತು. ಅಯಸ್ಕಾಂತಕ್ಕೆ ಎರಡು ಧ್ರುವಗಳಿರುವುದರಿಂದ ಮೇಲೊಂದು, ಕೆಳಗೊಂದು ಮಚ್ಚೆ ಎದುರುಬದುರಾಗಿ ಇರುತ್ತದೆ ಎಂದು ಪುಸ್ತಕಗಳಲ್ಲಿ ಚಿತ್ರ ಬರೆಯುತ್ತಿದ್ದರು. ಆದರೆ ಇಲ್ಲಿ ಮಚ್ಚೆಗಳೆಲ್ಲ ಒಂದೇ ಅರ್ಧಗೋಳದಲ್ಲಿದ್ದವು! ಒಂದು ತಂಡದ ಲೆಕ್ಕದಲ್ಲಿ ಒಂದು ಮಚ್ಚೆ ದುಂಡಗೆ, ಇನ್ನೊಂದು ಬಾಲಚಂದ್ರನಂತೆ ಬಾಗಿ ಉದ್ದವಾಗಿತ್ತು. ಅಂದರೆ ನ್ಯೂಟ್ರಾನ್ ನಕ್ಷತ್ರದ ಕಾಂತಕ್ಷೇತ್ರ ನಾವು ತಿಳಿದಷ್ಟು ಸರಳವಲ್ಲ.

ಗೌರವಗಳು

ಭಾರತ ಸರ್ಕಾರ 1968ರಲ್ಲಿ ಚಂದ್ರಶೇಖರ್ ಅವರಿಗೆ ಪದ್ಮವಿಭೂಷಣ ನೀಡಿತು. 1983ರಲ್ಲಿ ಅವರಿಗೆ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. ಹಡಗಿನಲ್ಲಿ ಲೆಕ್ಕ ಮಾಡಿ ಆಗಲೇ 53 ವರ್ಷಗಳು ಕಳೆದಿದ್ದವು. ಅದೇ ವರ್ಷ, 73ನೆಯ ವಯಸ್ಸಿನಲ್ಲಿ, ಕಪ್ಪುಕುಳಿಗಳ ಬಗ್ಗೆ ದೊಡ್ಡದೊಂದು ಗಣಿತ ಗ್ರಂಥವನ್ನೂ ಅವರು ಹೊರತಂದರು. ನ್ಯೂಟ್ರಾನ್ ನಕ್ಷತ್ರವಾಗಿಯೂ ನಿಲ್ಲಲಾರದಷ್ಟು ಭಾರವಾದದ್ದು ಕುಸಿದು ಆಗುವುದೇ ಕಪ್ಪುಕುಳಿ. 1995ರ ಆಗಸ್ಟ್ 21ರಂದು ಷಿಕಾಗೋದಲ್ಲಿ ಅವರು ನಿಧನರಾದರು.

1999ರ ಜುಲೈ 23ರಂದು ನಾಸಾ ಒಂದು ದೊಡ್ಡ ಎಕ್ಸ್ ಕಿರಣ ವೀಕ್ಷಣಾಲಯವನ್ನು ಬಾಹ್ಯಾಕಾಶಕ್ಕೆ ಕಳಿಸಿತು. ಅದಕ್ಕೆ ಹೆಸರು ಸೂಚಿಸಲು ಸ್ಪರ್ಧೆ ಏರ್ಪಡಿಸಿತ್ತು. ಒಬ್ಬ ಶಾಲಾ ವಿದ್ಯಾರ್ಥಿ ಮತ್ತು ಒಬ್ಬ ಶಿಕ್ಷಕಿ ಸೂಚಿಸಿದ ಹೆಸರು ಆಯ್ಕೆಯಾಯಿತು. ಆ ಹೆಸರು ಚಂದ್ರ.

ನಮ್ಮ ನಾಡಿನಲ್ಲಿಯೂ ಅವರ ಹೆಸರು ಉಳಿದಿದೆ. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿ, 2 ಮೀಟರ್ ಅಗಲದ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ. ಹೊಸಕೋಟೆಯಲ್ಲಿರುವ ಕೇಂದ್ರದಲ್ಲಿ ಕುಳಿತು, ಉಪಗ್ರಹ ಸಂಪರ್ಕದ ಮೂಲಕ ಅದನ್ನು ತಿರುಗಿಸಿ ನಕ್ಷತ್ರಗಳನ್ನು ನೋಡುತ್ತಾರೆ!

ಚಿಕ್ಕಪ್ಪ ರಾಮನ್ ಕಟ್ಟಿದ ಸಂಸ್ಥೆಯ ವಿಷಯಕ್ಕೆ ಬರೋಣ. 2024ರ ಜನವರಿ 1ರಂದು ಇಸ್ರೋ ಎಕ್ಸ್‌ಪೋಸ್ಯಾಟ್ ಎಂಬ ಉಪಗ್ರಹವನ್ನು ಹಾರಿಸಿತು. ನ್ಯೂಟ್ರಾನ್ ನಕ್ಷತ್ರ, ಕಪ್ಪುಕುಳಿಗಳ ಬಳಿಯಿಂದ ಬರುವ ಎಕ್ಸ್ ಕಿರಣಗಳ ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತದೆ ಎಂದು ತಿಳಿಯಲು ಅದನ್ನು ಕಳಿಸಲಾಯಿತು. ಅದರ ಮುಖ್ಯ ಉಪಕರಣ ಪೋಲಿಕ್ಸ್. ಅದನ್ನು ರೂಪಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಬೆಳಕಿನ ಕಂಪನದ ದಿಕ್ಕನ್ನು ಕಾಗದದ ಮೇಲೆ ಲೆಕ್ಕಹಾಕಿದವರು ಅಣ್ಣನ ಮಗ. ಅದನ್ನು ಆಕಾಶದಲ್ಲಿ ಅಳೆಯುವ ಉಪಕರಣ ಮಾಡಿದ್ದು ಚಿಕ್ಕಪ್ಪನ ಸಂಸ್ಥೆ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಒಂದು ಹಳೆಯ ಚೆಂಡು, ಹೊಳೆಯುವ ಬಿಂದಿ, ಒಂದು ಚಿಕ್ಕ ಕನ್ನಡಿ, ಕಾಗದ, ಪೆನ್ಸಿಲ್.

1. ಚೆಂಡಿನ ನಡುಭಾಗದಲ್ಲಿ ಬಿಂದಿ ಅಂಟಿಸಿ. ಇದು ನಿಮ್ಮ ಬಿಸಿ ಮಚ್ಚೆ.

2. ಗೆಳೆಯರೊಬ್ಬರು ಚೆಂಡನ್ನು ಹಿಡಿದು ಎಂಟು ಹೆಜ್ಜೆಗಳಲ್ಲಿ ಒಂದು ಪೂರ್ಣ ಸುತ್ತು ತಿರುಗಿಸಲಿ. ನೀವು ಎದುರು ನಿಂತು, ಬಿಂದಿ ಪೂರ್ತಿ ಕಂಡರೆ 10, ಅರೆಬರೆ ಕಂಡರೆ 5, ಕಾಣದಿದ್ದರೆ 0 ಎಂದು ಬರೆದುಕೊಳ್ಳಿ. ಅಂಕಗಳನ್ನು ನಕ್ಷೆಯಾಗಿ ಬರೆಯಿರಿ. ಇದೇ ಬೆಳಕಿನ ಏರಿಳಿತದ ನಕ್ಷೆ.

3. ಈಗ ಚೆಂಡಿನ ಹಿಂದೆ, ಸ್ವಲ್ಪ ಪಕ್ಕಕ್ಕೆ ಕನ್ನಡಿ ಇಡಿ. ಹಿಂದಕ್ಕೆ ಹೋದ ಬಿಂದಿಯೂ ಈಗ ಕಾಣುತ್ತದೆ. ನ್ಯೂಟ್ರಾನ್ ನಕ್ಷತ್ರದಲ್ಲಿ ಇಂಥ ಕೆಲಸವನ್ನು ಮಾಡುವುದು ಗುರುತ್ವ. ಮತ್ತೆ ನಕ್ಷೆ ಬರೆಯಿರಿ. ಏನು ವ್ಯತ್ಯಾಸ?

4. ಕೊನೆಗೆ ಒಂದು ಆಟ. ನಿಮಗೆ ಕಾಣದಂತೆ ಗೆಳೆಯರು ಬಿಂದಿಯ ಜಾಗ ಬದಲಿಸಿ, ನಕ್ಷೆಯನ್ನು ಮಾತ್ರ ಕೊಡಲಿ. ಬಿಂದಿ ಮೇಲಿದೆಯೋ, ನಡುವೆ ಇದೆಯೋ, ಒಂದೇ ಇದೆಯೋ, ಎರಡಿದೆಯೋ ಎಂದು ನೀವು ಊಹಿಸಿ. ಊಹೆ ತಪ್ಪಿದರೆ ಬೇಸರ ಬೇಡ. ಮಾದರಿ ಬದಲಿಸಿ, ಮತ್ತೆ ಲೆಕ್ಕ ಮಾಡಿ. 2019ರಲ್ಲಿ ವಿಜ್ಞಾನಿಗಳು ಮಾಡಿದ್ದೂ ಇದನ್ನೇ.